ಯಾರೂ ತುಳಿಯದ ಬ್ರೇಕು

ಕಾರಿನೊಳಗೆ ಯಾರೂ ಇರಲಿಲ್ಲ. ಬಾಗಿಲು ತೆರೆದೇ ಇತ್ತು. ಮಾರ್ಲಿಸ್ ನೋಡುತ್ತಿದ್ದಂತೆಯೇ ಬ್ರೇಕಿನ ಪೆಡಲು ಟಕ್ಕೆಂದು ಕೆಳಗೆ ಹೋಯಿತು. ಎರಡು ಕ್ಷಣ ಅಲ್ಲೇ ನಿಂತು ಮತ್ತೆ ಮೇಲೆ ಬಂತು.

"ರೋಸಾಲ್ಬಾ, ಈಗ ಏನು ಮಾಡ್ದೆ ನೀನು?"

ಕಾರಿನ ಮೂತಿಯ ಕೆಳಗೆ ಅಂಗಾತ ಮಲಗಿದ್ದ ಮೆಕ್ಯಾನಿಕ್ ರೋಸಾಲ್ಬಾ ಹೊರಗೆ ಜಾರಿ ಬಂದಳು. "ಏನೂ ಇಲ್ಲ ಮಾರ್ಲಿಸ್ ಮೇಡಂ. ಬಂಪರ್ ಬಿಚ್ಚೋಕೆ ಹೋದೆ, ಈ ವೈರು ಕೈಗೆ ತಗುಲ್ತು. ಯಾಕೆ?"

"ಇನ್ನೊಂದ್ಸಲ ಮುಟ್ಟು."

ರೋಸಾಲ್ಬಾ ಮುಟ್ಟಿದಳು. ಪೆಡಲು ಮತ್ತೆ ತಾನಾಗಿ ಕೆಳಗೆ ಹೋಯಿತು.

ಈ ಕಾರಿನ ಹಿಂದಿನ ಒಡೆಯ ಮನೆಯಂಥ ದೊಡ್ಡ ವ್ಯಾನಿನಲ್ಲಿ ವರ್ಷವಿಡೀ ದೇಶ ಸುತ್ತುವ ಆಸಾಮಿ. ಕಾರನ್ನು ವ್ಯಾನಿನ ಹಿಂದೆ ಕಟ್ಟಿ, ನಾಲ್ಕೂ ಚಕ್ರ ನೆಲದ ಮೇಲೆ ಉರುಳಿಸಿಕೊಂಡು ಎಳೆದೊಯ್ಯುತ್ತಿದ್ದ. ಇವರಿಗೆ ಮಾರುವಾಗ, ಎಳೆಯಲೆಂದು ಹಾಕಿಸಿದ್ದ ಕಬ್ಬಿಣದ ಪಟ್ಟಿ, ಕೊಕ್ಕೆ, ವೈರುಗಳನ್ನೆಲ್ಲ ಹಾಗೆಯೇ ಬಿಟ್ಟಿದ್ದ. ಒಂದು ಮಾತೂ ಹೇಳಿರಲಿಲ್ಲ. ಈಗ ಮಾರ್ಲಿಸ್‌ಳ ಗಂಡ ಲೈಲ್ ಕಾರನ್ನು ಮಾರಲು ಹೊರಟಿದ್ದ. ಕೊಳ್ಳುವವರು ಅದನ್ನೆಲ್ಲ ಕೀಳಿಸಿ ಕೊಡಿ ಎಂದದ್ದಕ್ಕೇ ಕಾರನ್ನು ನಿನ್ನೆಯೇ ಈ ಗ್ಯಾರೇಜಿಗೆ ಕಳಿಸಿ, ಇಂದು ಇಬ್ಬರೂ ಲೈಲ್‌ನ ಪಿಕಪ್ ಟ್ರಕ್ಕಿನಲ್ಲಿ ಬಂದಿದ್ದರು.

ರೋಸಾಲ್ಬಾ ಆ ವೈರಿನ ತುದಿಯಲ್ಲಿದ್ದ ಬೆರಳುದ್ದದ ಒಂದು ಪಿನ್ನನ್ನು ಹಿಡಿದು ಅಲ್ಲಾಡಿಸಿ ತೋರಿಸಿದಳು. "ವ್ಯಾನು ಎಳೀತಿರುವಾಗ ಕಾರೇನಾದ್ರೂ ಕಳಚ್ಕೊಂಡ್ರೆ ಇದು ಕಿತ್ತು ಬರತ್ತೆ, ಸೀಟಿನ ಕೆಳಗಿರೋ ಮೋಟಾರು ತಾನೇ ಬ್ರೇಕ್ ಹಾಕತ್ತೆ. ಆದ್ರೆ ಇದು ಸವೆದು ಲೊಡಲೊಡ ಅಂತಿದೆ. ರಸ್ತೇಲಿ ಒಂದು ಕುಲುಕು ಸಾಕು."

ಕುಲುಕು. ಮಾರ್ಚ್ ತಿಂಗಳಲ್ಲಿ, ದನಗಳು ದಾಟದಂತೆ ರಸ್ತೆಗೆ ಅಡ್ಡ ಹಾಕಿದ ಕಬ್ಬಿಣದ ಸರಳುಗಳ ಮೇಲೆ ಹಾದಾಗ, ಮಾರ್ಲಿಸ್ ಓಡಿಸುತ್ತಿದ್ದ ಈ ಕಾರು ಗಕ್ಕನೆ ನಿಂತಿತ್ತು. ಹಿಂದಿನಿಂದ ಹುಲ್ಲು ಹೊತ್ತ ಟ್ರಕ್ಕು ಬಂದು ಗುದ್ದಿತ್ತು. ಮಾರ್ಲಿಸ್ ಬಾಯಿ ತೆರೆಯುವ ಮೊದಲೇ ಪಕ್ಕದಲ್ಲಿದ್ದ ಲೈಲ್ ಪೊಲೀಸಿನವನಿಗೆ ಹೇಳಿಬಿಟ್ಟಿದ್ದ: "ಈಚೆಗೆ ಇವಳಿಗೆ ಸ್ವಲ್ಪ ಗೊಂದಲ." ಆಮೇಲೆ ಡಾಕ್ಟರು ಮರೆವಿನ ಪರೀಕ್ಷೆಗೆಂದು ಅವಳ ಕೈಯಲ್ಲಿ ಗಡಿಯಾರದ ಚಿತ್ರ ಬರೆಸಿ ನೋಡಿದರು. ಕಾರಿನ ಕೀ ಲೈಲ್‌ನ ಜೇಬು ಸೇರಿತು. ಮೂವತ್ತೊಂದು ವರ್ಷ ಈ ಬಯಲುಸೀಮೆಯ ಒಂದೊಂದು ಮನೆಗೂ ಟಪಾಲು ಮುಟ್ಟಿಸಿ, ಗಾಡಿಗೆ ಒಂದು ಗೀರೂ ಬೀಳದಂತೆ ಓಡಿಸಿದ ಹೆಂಗಸು ಅವಳು. "ಕಾರು ತಾನೇ ನಿಂತಿತು" ಎಂದಾಗಲೆಲ್ಲ ಲೈಲ್ ಅವಳ ಕೈ ತಟ್ಟಿ, "ಆಯ್ತು ಚಿನ್ನ, ಆಯ್ತು" ಎನ್ನುತ್ತಿದ್ದ. ಕೊನೆಗೆ ಅವಳು ಹೇಳುವುದನ್ನೇ ಬಿಟ್ಟಿದ್ದಳು. ಅಷ್ಟೇ ಅಲ್ಲ, ಊಟಕ್ಕೆ ಕೂತಾಗ ಮೇಜಿನ ಕೆಳಗೆ ಯಾರಿಗೂ ಕಾಣದಂತೆ ಬಲಗಾಲು ಆಡಿಸಿ ನೋಡಿಕೊಳ್ಳುತ್ತಿದ್ದಳು: ಇದು ಬ್ರೇಕು, ಇದು ಆಕ್ಸಿಲರೇಟರು. ಅದು ನೆನಪಾದದ್ದೇ ಅವಳ ಕಿವಿಗಳು ಕಾದವು.

"ಲೈಲ್, ಬಾ ಇಲ್ಲಿ."

ಅವನು ಕಾಫಿ ಲೋಟ ಹಿಡಿದು ಬಂದ.

"ಅದನ್ನ ಕೆಳಗಿಡು. ಒಳಗೆ ಕೂತ್ಕೋ. ಎರಡೂ ಕಾಲು ಸೀಟಿನ ಮೇಲೆ ಮಡಚ್ಕೋ."

"ಏನೇ ಇದು? ನನ್ನ ಮಂಡಿ..."

"ಮಡಚ್ಕೋ ಅಂದೆ."

ಅವಳ ಮುಖ ನೋಡಿ ಅವನು ಮಡಚಿಕೊಂಡ. ಮಾರ್ಲಿಸ್ ಕಾರಿನ ಮುಂದೆ ಬಗ್ಗಿ ಪಿನ್ನನ್ನು ಪೂರ್ತಿ ಕಿತ್ತಳು. ಪೆಡಲು ಕೆಳಗೆ ಹೋಗಿ ಅಲ್ಲೇ ಕಚ್ಚಿಕೊಂಡು ನಿಂತಿತು. ಲೈಲ್ ತನ್ನ ಮಂಡಿಗಳ ನಡುವಿಂದ ಅದನ್ನೇ ನೋಡುತ್ತ ಕೂತ.

"ಯಾರು ತುಳಿದದ್ದು ಹೇಳು."

"ಅಲ್ಲ ಕಣೇ, ಇಂಥದ್ದೊಂದಿದೆ ಅಂತ ನಂಗೇನು ಗೊತ್ತಿತ್ತು?"

"ಪಿನ್ನು ಗೊತ್ತಿರ್ಲಿಲ್ಲ, ಸರಿ. ನಾನೂ ಗೊತ್ತಿರ್ಲಿಲ್ವಾ?"

ಅವನು ಕಾಲು ಇಳಿಸಿದ. "ನಿನ್ನ ಒಳ್ಳೇದಕ್ಕೇ ಅಲ್ವಾ ನಾನು..."

"ಫೋನ್ ತೆಗಿ. ನಿನ್ನ ತಂಗಿ ಜೋಲೀನ್‌ಗೆ ಹಚ್ಚು. 'ಇವಳನ್ನ ಇನ್ನು ಒಬ್ಬಳನ್ನೇ ಬಿಡೋ ಹಾಗಿಲ್ಲ' ಅಂತ ಅವಳ ಹತ್ರ ಹೇಳಿದ್ಯಲ್ಲ, ಅಡುಗೆಮನೇಲಿ ನಿಂತು ಕೇಳಿಸ್ಕೊಂಡಿದೀನಿ. ಈಗ ಇದನ್ನೂ ಹೇಳು."

"ಮನೆಗೆ ಹೋಗಿ ಮಾಡ್ತೀನಿ."

"ಇಲ್ಲೇ ಮಾಡು."

ಲೈಲ್ ಫೋನ್ ಹಚ್ಚಿದ. ಗಂಟಲು ಸರಿಮಾಡಿಕೊಂಡ. "ಜೋಲೀನ್, ಏನಿಲ್ಲ, ಹಾಗೇ ಮಾಡ್ದೆ... ಕಾರಲ್ಲೂ ಏನೋ ಸಣ್ಣ ತೊಂದ್ರೆ ಇತ್ತಂತೆ. ಅದೂ ಒಂದು ಕಾರಣ ಇದ್ದಿರಬಹುದು. ಹೂಂ, ವಯಸ್ಸೂ ಆಯ್ತಲ್ಲ... ಹೂಂ, ನಿಂಗೆ ಗೊತ್ತಲ್ಲ..."

ರೋಸಾಲ್ಬಾ ಕೈಯ ಗ್ರೀಸನ್ನು ಒರೆಸುವುದು ನಿಲ್ಲಿಸಿದಳು.

ಮಾರ್ಲಿಸ್ ಹತ್ತಿರ ಬಂದು, ಮಾತಾಡುತ್ತಲೇ ಇದ್ದ ಗಂಡನ ಅಂಗಿಯ ಜೇಬಿಗೆ ಕೈಹಾಕಿ ಅವನ ಪಿಕಪ್ ಟ್ರಕ್ಕಿನ ಕೀಯನ್ನು ತೆಗೆದುಕೊಂಡಳು.

"ಎಲ್ಲ ಕಿತ್ತು ಹಾಕು ರೋಸಾಲ್ಬಾ. ಒಂದು ತಿರುಪೂ ಉಳಿಯಬಾರದು. ಈ ಕಾರು ಮಾರೋದಿಲ್ಲ, ಸಂಜೆಗೆ ನಾನೇ ಬಂದು ತಗೊಂಡು ಹೋಗ್ತೀನಿ."

"ಇವ್ರು?" ರೋಸಾಲ್ಬಾ ಗಲ್ಲದಿಂದಲೇ ಲೈಲ್‌ನತ್ತ ತೋರಿಸಿದಳು.

"ಅವನಿಗೆ ಕಾಲಿದೆ."

ಪಿಕಪ್ಪನ್ನು ಹಿಂದಕ್ಕೆ ತೆಗೆದು, ತಿರುಗಿಸಿ, ಗ್ಯಾರೇಜಿನ ಗೇಟಿನವರೆಗೆ ತಂದು ಬ್ರೇಕು ತುಳಿದಳು. ಕನ್ನಡಿಯಲ್ಲಿ ಲೈಲ್ ಕಂಡ. ಹಿಂದಿನ ಕೆಂಪು ದೀಪ ಹೊತ್ತಿದ್ದನ್ನು ನೋಡಿ, ತನಗಾಗಿಯೇ ನಿಂತಳೆಂದುಕೊಂಡು, ಫೋನ್ ಇನ್ನೂ ಕಿವಿಗಿಟ್ಟುಕೊಂಡೇ, ಇನ್ನೊಂದು ಕೈ ಎತ್ತಿ ಕುಂಟುತ್ತ ಓಡಿ ಬರುತ್ತಿದ್ದ. ಮಾರ್ಲಿಸ್ ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು. ದನ ತುಂಬಿದ ಲಾರಿಯೊಂದು ಹಾದು ಹೋಗುವವರೆಗೂ ಕಾದಳು. ರಸ್ತೆ ಖಾಲಿಯಾಯಿತು, ಹೊರಟಳು.