ದೇಸಾಯಿ ಚಿತ್ರಕ್ಕೆ ಆರತಿ

ಬೆಳಿಗ್ಗೆ ಹತ್ತು ಗಂಟೆ. ಸುರಪುರದ ವಾಡೆಯ ಪಡಸಾಲೆಯಲ್ಲಿ ಬಸವಂತ್ರಾಯ ಏಣಿ ಹತ್ತಿ ಮನೆತನದ ಹಿರಿಯ ದೇಸಾಯಿಯ ತೈಲಚಿತ್ರ ಇಳಿಸಿದ. ಗೋಡೆಗೆ ಮುಖ ಮಾಡಿ ನಿಲ್ಲಿಸಿದ.

"ಹುಡುಗಿ ಬರೋ ಹೊತ್ತಿನ್ಯಾಗ ಹಿರ್ಯಾರನ್ನ ಯಾಕ ಇಳಿಸಿದ್ರಿ?" ಹೆಂಡತಿ ರೇಣುಕಾದೇವಿ ಕೇಳಿದಳು.

"ಅಕಿ ಕಣ್ಣಿಗೆ ಬೀಳಬಾರದು."

ಹುಡುಗಿ ನಂದಿನಿ, ಬೋನಾಳದವಳು. ಶಹಾಪುರದಲ್ಲಿ ಹೈಸ್ಕೂಲ್ ಟೀಚರ್. ಅವಳ ಹಿರಿಯರು ಇದೇ ವಾಡೆಯಲ್ಲಿ ಜೀತಕ್ಕಿದ್ದವರು. ಮಗ ಶಿವಶರಣ ಕಳೆದ ವಾರ ಮೊಬೈಲಿನಲ್ಲಿ ಅವಳ ಫೋಟೊ ತೋರಿಸಿದಾಗ ಬಸವಂತ್ರಾಯ ಬಹಳ ಹೊತ್ತು ನೋಡಿದ್ದ. "ಕರಕೊಂಡು ಬಾ" ಎಂದಿದ್ದ. ಅಪ್ಪ ಒಪ್ಪಿದನೆಂದೇ ಮಗ ತಿಳಿದ.

ಆ ಮನೆಗೆ ಬರುವ ಸೊಸೆ ಮೊದಲು ಬಂಧುಬಳಗದ ಎದುರು ಚಿತ್ರಕ್ಕೆ ಆರತಿ ಎತ್ತಬೇಕು. ಚಿತ್ರ ಬರೆಸಿಕೊಂಡರೆ ಆಯುಷ್ಯ ಕಡಿಮೆಯಾಗುತ್ತದೆಂದು ಊರೇ ಹೆದರುತ್ತಿದ್ದ ಕಾಲದಲ್ಲಿ ದೇಸಾಯಿ ಚಿತ್ರಗಾರನ ಮುಂದೆ ಎದೆಯುಬ್ಬಿಸಿ ಕುಳಿತಿದ್ದನೆಂಬುದು ಮನೆತನದ ಹೆಮ್ಮೆ. ಜರಿ ರುಮಾಲು, ಮಖಮಲ್ಲಿನ ಕೋಟು, ಹರಳಿನ ಉಂಗುರ. ಮುಖವನ್ನು ಯಾರೂ ದಿಟ್ಟಿಸುತ್ತಿರಲಿಲ್ಲ. ತಲೆ ತಗ್ಗಿಸಿ ಕೈಮುಗಿಯುತ್ತಿದ್ದರು.

ಹನ್ನೊಂದಕ್ಕೆ ಶಿವಶರಣನ ಜೊತೆ ನಂದಿನಿ ಬಂದಳು. ರೇಣುಕಾದೇವಿ ಚಹಾ ಕೊಟ್ಟಳು.

"ನಿಮ್ಮ ಮುತ್ಯಾ ನಮ್ಮ ದನದ ಕೊಟ್ಟಿಗಿ ಬಳಿತಿದ್ದ. ಗೊತ್ತದೇನು?" ಬಸವಂತ್ರಾಯ ಕೇಳಿದ.

"ಗೊತ್ತದರಿ. ಅವರು ಬಿಟ್ಟ ಮ್ಯಾಲ ಇಲ್ಲಿ ಯಾರೂ ಕಸ ಹೊಡದಿಲ್ಲ ಅಂತ ನಮ್ಮವ್ವ ಹೇಳ್ತಾಳ."

ಶಿವಶರಣನಿಗೆ ನಗು ಬಂತು. ಅಪ್ಪನ ಮುಖ ನೋಡಿ ನುಂಗಿಕೊಂಡ.

"ಮದುವಿ ಆಗ್ರಿ, ನಾ ಬ್ಯಾಡ ಅನ್ನಂಗಿಲ್ಲ," ಎಂದ ಬಸವಂತ್ರಾಯ. "ಆದ್ರ ನೀ ಹಿತ್ತಲ ಬಾಗಿಲಿಂದ ಬರಬೇಕು. ಆರತಿ ಇಲ್ಲ. ದೇಸಾಯರ ಮುಂದ ನಿಲ್ಲೋ ಮುಖ ಅಲ್ಲ ನಿಂದು."

ನಂದಿನಿ ಶಿವಶರಣನ ಕಡೆ ತಿರುಗಿದಳು. "ನೀವೇನಂತೀರಿ?"

ಅವನು ನೆಲ ನೋಡುತ್ತಿದ್ದ.

ಅವಳು ಚಹಾ ಕೆಳಗಿಟ್ಟು ಎದ್ದಳು. ಮುಂಬಾಗಿಲಿನಿಂದಲೇ ಹೋದಳು. ಅವಳ ಹಿಂದೆ ಯಾರೂ ಹೋಗಲಿಲ್ಲ.

ಹೆಂಡತಿಯನ್ನೂ ಮಗನನ್ನೂ ಒಳಗೆ ಕಳಿಸಿ ಬಸವಂತ್ರಾಯ ಕದ ಹಾಕಿದ.

ಆಯುಷ್ಯಕ್ಕೆ ಹೆದರಿದ ದೇಸಾಯಿ ತನ್ನ ಕೋಟು, ರುಮಾಲು, ಉಂಗುರ ತೊಡಿಸಿ ಚಿತ್ರಗಾರನ ಮುಂದೆ ಕೂರಿಸಿದ್ದು ಬೋನಾಳದ ಒಬ್ಬ ಜೀತದಾಳನ್ನು. ಆ ಗುಟ್ಟು ಅಪ್ಪನಿಂದ ಹಿರಿಮಗನಿಗಷ್ಟೇ ಬರುತ್ತಿತ್ತು. ಶಿವಶರಣನಿಗೆ ಇನ್ನೂ ಹೇಳಿರಲಿಲ್ಲ.

ಬಸವಂತ್ರಾಯ ಚಿತ್ರವನ್ನು ತಿರುಗಿಸಿ, ಅದರ ಮುಖದಲ್ಲಿದ್ದ ನಂದಿನಿಯ ಕಣ್ಣು, ಮೂಗು, ತುಟಿಯನ್ನು ಬ್ಲೇಡಿನಿಂದ ಕೆರೆದು ತೆಗೆದ.