ಬಾಯ್ಲರಿನ ಬೆಳ್ಳಿ ಬಣ್ಣ

ಸೊಸೆಯ ಮುಂಗೈಯ ಸುಟ್ಟ ಗಾಯ ಕಂಡ ನರ್ಸ್ ಠಾಣೆಗೆ ತಿಳಿಸಿದ್ದರಿಂದ, ಮರುದಿನ ಮಹಿಳಾ ಪೇದೆಯೊಬ್ಬಳು ಮನೆಗೆ ಬಂದಳು.

"ಎಲ್ಲಿ ಸುಟ್ಟಿದ್ದು?"

ಗಂಡ ಬಚ್ಚಲಿನ ಬಾಗಿಲು ತೆರೆದ. ಸೌದೆ ಬಾಯ್ಲರೂ ಅದರ ಹೊಗೆ ಕೊಳವೆಯೂ ಬೆಳ್ಳಿ ಬಣ್ಣದಲ್ಲಿ ಹೊಳೆಯುತ್ತಿದ್ದವು.

"ನಿನ್ನೆ ಬೆಳಿಗ್ಗೆ ನೀರು ಹಿಡಿಯುವಾಗ ಈ ಕೊಳವೆಗೆ ಕೈ ತಾಗಿಸ್ಕೊಂಡ್ಲು, ಮೇಡಂ. ಕೆಂಡದ ಹಾಗೆ ಕಾದಿತ್ತು."

"ಹೌದೇನಮ್ಮ?"

ಅವನು ದೋಸೆಯ ಸಟ್ಟುಗ ಕಾಯಿಸಿ ಒತ್ತಿದ್ದನ್ನು ಹೇಳಿದರೆ ನಂಬುವವರು ಯಾರು? ಹಿಂದೆ ಅತ್ತೆ ನಿಂತಿದ್ದಳು. ಐದು ವರ್ಷಗಳಲ್ಲಿ ಆ ಬಾಯಿಂದ ಒಂದು ಒಳ್ಳೆಯ ಮಾತು ಬಂದದ್ದಿಲ್ಲ. ಪೇದೆ ಹೊರಟ ಮೇಲೆ ಇವರಿಬ್ಬರ ಜೊತೆಗೇ ಇರಬೇಕು. ಸೊಸೆ ಹೂಂ ಎಂದಳು.

"ಅವಳನ್ನೇನು ಕೇಳ್ತೀರಿ?" ಅತ್ತೆ ಮುಂದೆ ಬಂದಳು. "ಇವಳಿಗೆ ಯಾವ ಕೆಲಸ ನೆಟ್ಟಗೆ ಬರುತ್ತೆ? ಬಾಯ್ಲರು ತುಕ್ಕು ಹಿಡಿದು ಉದುರ್ತಿದ್ರೂ ಕಣ್ಣಿಗೆ ಬೀಳಲಿಲ್ಲ. ಈ ಸೊಂಟ ನೋವಲ್ಲಿ ನಾನೇ ಉಜ್ಜಿ ಬಣ್ಣ ಹೊಡೆದೆ."

ಮಗ ನಕ್ಕ. "ಬರ್ಕೊಳ್ಳಿ ಮೇಡಂ, ಅಮ್ಮನೇ ಹೇಳ್ತಿದಾಳಲ್ಲ."

"ಬರ್ಕೊಳ್ಳಮ್ಮ," ಅತ್ತೆ ಮಗನ ಕಡೆ ತಿರುಗಲಿಲ್ಲ. "ಬಣ್ಣ ಗಟ್ಟಿಯಾಗಲಿ ಅಂತ ಐದು ದಿನದಿಂದ ಈ ಒಲೆಗೆ ಬೆಂಕಿನೇ ಹಾಕಿಲ್ಲ. ಇವನ ಸ್ನಾನಕ್ಕೆ ದಿನಾ ಗ್ಯಾಸಿನ ಮೇಲೆ ನೀರು ಕಾಯಿಸಿ, ಬಕೆಟ್ಟಿಗೆ ತುಂಬಿಸಿಡ್ತಿರೋದು ನಾನು."