ಒಂದು ಗೇಣು

ಅತ್ತೆ ಬೆನ್ನು ತಿರುಗಿಸಿ ಗೇಟಿನ ತುಕ್ಕು ಹಿಡಿದ ಚಿಲಕದ ಜತೆ ಗುದ್ದಾಡುತ್ತಿದ್ದರು. ಹಾಲಿಗೆ ಹೊಂಚುಹಾಕಿದ ಬೆಕ್ಕಿನ ಹಾಗೆ ಮಗನ ಹೈಬ್ರಿಡ್ ಕಾರು ಸದ್ದೇ ಇಲ್ಲದೆ ಅವರತ್ತ ಜರುಗುತ್ತಿತ್ತು. ಆ ಮಗರಾಯನೋ, ಬ್ರೇಕಿನಿಂದ ಕಾಲು ತೆಗೆದು, ಎರಡೂ ಕೈಯಲ್ಲಿ ಮೊಬೈಲ್ ಹಿಡಿದು, ಕಾರಿನ ಪರದೆಯ ಮೇಲಿನ ಮೈಲೇಜ್ ಅಂಕಿಯ ಫೋಟೋ ತೆಗೆಯುವುದರಲ್ಲಿ ಮೈಮರೆತಿದ್ದ.

"ರೀ, ಕಾರು ಮುಂದೆ ಹೋಗ್ತಿದೆ!" ಪಕ್ಕದಲ್ಲಿದ್ದ ಹೆಂಡತಿ ಕೂಗಿದಳು.

"ಆಫ್ ಆಗಿದೆ ಕಣೇ. ಸದ್ದು ಕೇಳ್ತಿದೆಯಾ ನಿಂಗೆ? ಲೀಟರಿಗೆ ಇಪ್ಪತ್ತೆಂಟು! ಗ್ರೂಪಲ್ಲಿ ಒಬ್ಬೊಬ್ಬರ ಹೊಟ್ಟೆನೂ ಉರೀಬೇಕು ನೋಡು."

ಇಂಜಿನ್ ನಿಂತಿದ್ದು ನಿಜ, ಆದರೆ ಕಾರನ್ನು ಬ್ಯಾಟರಿ ಎಳೆಯುತ್ತಿತ್ತು. ಅವಳು ಅವನ ಮುಂದೆ ಅಡ್ಡಲಾಗಿ ಬಾಗಿ ಪಾರ್ಕಿಂಗ್ ಗುಂಡಿ ಒತ್ತಿದಳು. ಕಾರು ಮುಗ್ಗರಿಸಿ ನಿಂತಿತು.

"ಛೆ! ಫೋಟೋ ಅಲ್ಲಾಡಿಹೋಯ್ತಲ್ಲೇ! ಎಲ್ಲದಕ್ಕೂ ಅವಸರ ನಿಂಗೆ."

ಅಂಗಾಲಿನಿಂದ ಹೊರಟ ಸಿಟ್ಟು ಅವಳ ನೆತ್ತಿಗೇರಿತು. ಇದೇ ಅಂಕಿಗಾಗಿ ಅವನು ದಾರಿಯುದ್ದಕ್ಕೂ ಎಸಿ ಆರಿಸಿ, ಹೆತ್ತ ತಾಯಿಯನ್ನೂ ಕಟ್ಟಿಕೊಂಡವಳನ್ನೂ ಬೇಯಿಸಿದ್ದ. ಅದನ್ನು ಸಹಿಸಿದ್ದಳು. ಈಗ ಅವನ ಕೈಯಿಂದ ಮೊಬೈಲ್ ಕಿತ್ತುಕೊಂಡು ಕೆಳಗಿಳಿದಳು. ಬಂಪರಿಗೂ ಅತ್ತೆಯ ಮಂಡಿಗೂ ನಡುವೆ ಉಳಿದದ್ದು ಒಂದೇ ಒಂದು ಗೇಣು. ಆ ಗೇಣೂ ಅತ್ತೆಯೂ ಕಾಣುವ ಹಾಗೆ ಮೊಬೈಲ್ ಹಿಡಿದು ಬಾಗಿ ನಿಂತಳು.

ಏನೂ ತಿಳಿಯದ ಅತ್ತೆ ಹಿಂದಿರುಗಿ ನೋಡಿ, "ಅಯ್ಯೋ, ಈ ಬೆವರು ಮುಖದ್ದು ಯಾಕೇ ಫೋಟೋ?" ಎನ್ನುತ್ತಲೇ ಕೂದಲು ಸರಿಮಾಡಿಕೊಂಡು ನಕ್ಕರು. ಅವಳು ಫೋಟೋ ತೆಗೆದು, ಮೊಬೈಲನ್ನು ಕಿಟಕಿಯಿಂದ ಗಂಡನ ಮಡಿಲಿಗೆ ಎಸೆದಳು.

"ತಗೊಳ್ಳಿ, ಇದನ್ನೂ ಹಾಕಿ ಗ್ರೂಪಿಗೆ. ಎಷ್ಟು ಉಳೀತು ಅಂತ ಎಲ್ಲರೂ ನೋಡಲಿ."